ಧರ್ಮದ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದ ತಂಗಿಗೆ

ತಂಗಿ ಎಂದು ಕರೆದರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಚಿಕ್ಕಮಗಳೂರಿನವರು, ನಾನು ಹಾಸನದವನು. ಇಬ್ಬರದೂ ಒಂದೇ ಧರ್ಮಪ್ರಾಂತ್ಯ, ಅಂದರೆ ಒಬ್ಬರೇ ಬಿಷಪ್ಪರು. ಅಷ್ಟು ಸಲಿಗೆ ಇರಲಿ.

ನೀವು ನರ್ಸ್ ಕೆಲಸಕ್ಕೆ ಜರ್ಮನಿಗೆ ಬಂದು ಹತ್ತು ದಿನ ಆಯಿತು ಎಂದಿರಿ. ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಅಲ್ಲಿ ಕಥೋಲಿಕ ಎಂದು ಬರೆದರೆ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರೆ, ಖಾಲಿ ಬಿಡು ಎಂದು ರೂಮಿನವರು ಹೇಳುತ್ತಿದ್ದಾರೆ. 'ಚರ್ಚಿನ ಸಂಸ್ಕಾರ ಎಂದರೆ ಮನಸ್ಸಿನ ವಿಷಯ, ಅದಕ್ಕೆ ಸರ್ಕಾರದ ಕಾಗದ ಯಾಕೆ? ಈ ಕಾಲದಲ್ಲಿ ಇದನ್ನೆಲ್ಲ ಹೊಸದಾಗಿ ಯೋಚಿಸಬೇಕು ಅಲ್ವಾ?' ಎಂದು ಕೇಳಿದಿರಿ. ಬಲಿಪೂಜೆ (ಮಾಸ್), ಪಾಪನಿವೇದನೆ (ಕನ್ಫೆಶನ್) ಇಲ್ಲಿ ಹೇಗೆ, ಮುಂದಿನ ವರ್ಷ ಮಗುವಿನ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಇಲ್ಲಿ ಮಾಡಿಸುವುದೋ ಊರಲ್ಲೋ ಎಂದೂ ಕೇಳಿದಿರಿ.

ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದೇ ಮಾತನ್ನು ಹೆಚ್ಚುಕಡಿಮೆ ಅದೇ ಪದಗಳಲ್ಲಿ ನಾನೂ ಒಮ್ಮೆ ನನಗೆ ಹೇಳಿಕೊಂಡಿದ್ದೆ.

ನಾನು ಕೋಲ್ನ್ ನಗರಕ್ಕೆ ಬಂದದ್ದು 2006ರ ನವೆಂಬರಿನಲ್ಲಿ. ಮೊದಲ ಭಾನುವಾರ ಮನೆ ಹತ್ತಿರದ ಚರ್ಚಿಗೆ ಹೋದೆ. ನಮ್ಮೂರ ಚರ್ಚಿನ ಮೂರು ಪಟ್ಟು ದೊಡ್ಡದು. ಒಳಗೆ ಇದ್ದವರು ಮೂವತ್ತು ಜನ, ಎಲ್ಲರೂ ವಯಸ್ಸಾದವರು. ಚಪ್ಪಲಿ ಬಿಡುವ ಜಾಗ ಹುಡುಕಿದೆ, ಇರಲಿಲ್ಲ. ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಪಾದ್ರಿ ಸ್ವಾಮಿಗಳು ರೊಟ್ಟಿಯನ್ನು ಮೇಲೆತ್ತಿದ ಕೂಡಲೇ, ಈಗ ಏನು ನಡೆಯುತ್ತಿದೆ ಎಂಬುದು ಪೂರ್ತಿ ತಿಳಿಯಿತು. ಪಕ್ಕದ ಅಜ್ಜಿ ಒಬ್ಬರಿಗೊಬ್ಬರು ಸಮಾಧಾನ ಕೋರುವ ಹೊತ್ತಿಗೆ ಕೈ ಚಾಚಿದರು. ಆ ವಾರ ನನ್ನನ್ನು ಮುಟ್ಟಿದ ಮೊದಲ ಮನುಷ್ಯರ ಕೈ ಅದು.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಬಲಿಪೂಜೆ ಜರ್ಮನ್ ಭಾಷೆಯಲ್ಲಿ. ದೊಡ್ಡ ನಗರಗಳಲ್ಲಿ ಇಂಗ್ಲಿಷಿನಲ್ಲೂ ಇರುತ್ತದೆ. ಮಲಯಾಳಿಗಳದು ಬೇರೆ ಪೂಜೆ ಇದೆ. ಅವರ ನರ್ಸುಗಳು 1960ರ ದಶಕದಿಂದಲೇ ಇಲ್ಲಿಗೆ ಬಂದವರು, ನಿಮಗೆ ತುಂಬ ಸಹಾಯ ಮಾಡುತ್ತಾರೆ. ಕನ್ನಡದ ಪೂಜೆ ಬೇಕು ಎಂದರೆ ಮೊಬೈಲಿನಲ್ಲಿ ನೋಡಬೇಕು. ಕೆಲವು ಭಾನುವಾರ ಪಾದ್ರಿಗಳೇ ಇರುವುದಿಲ್ಲ. ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಕೆಲಸ ಮಾಡುವ ಹೆಣ್ಣುಮಗಳೊಬ್ಬರು ವಾಕ್ಯ ಓದಿ ಪ್ರಾರ್ಥನೆ ನಡೆಸುತ್ತಾರೆ. ಮೊದಲ ಸಲ ಗಾಬರಿ ಆಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಚಳಿಗಾಲದಲ್ಲಿ ಕೋಟು ತೆಗೆಯಬೇಡಿ, ಒಳಗೂ ಚಳಿ.

ಪಾಪನಿವೇದನೆ ಇಲ್ಲಿ ಬಹಳ ಕಡಿಮೆ. ನಮ್ಮಲ್ಲಿ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚೆ ಗಂಟೆಗಟ್ಟಲೆ ಸಾಲು ನಿಲ್ಲುತ್ತೇವಲ್ಲ, ಅದನ್ನು ಇಲ್ಲಿ ಹುಡುಕಬೇಡಿ. ಫೋನ್ ಮಾಡಿ ಸಮಯ ಕೇಳಬೇಕು. ಹೆಚ್ಚಾಗಿ ಒಂದು ಕೋಣೆಯಲ್ಲಿ ಎದುರು ಬದುರು ಕುರ್ಚಿ ಹಾಕಿಕೊಂಡು ಮಾತಾಡುತ್ತಾರೆ. ಜಾಲರಿ ಇಲ್ಲ, ಕತ್ತಲೆ ಇಲ್ಲ. ಮುಖ ನೋಡಿ ಹೇಳುವುದು ಕಷ್ಟ. ಅದು ಒಳ್ಳೆಯದು ಎಂದು ಈಗ ಅನ್ನಿಸುತ್ತದೆ.

ಈಗ ಆ ಕಾಲಂ ವಿಷಯಕ್ಕೆ ಬರುತ್ತೇನೆ.

ಮೊದಲು ಲೆಕ್ಕ. ಚರ್ಚ್ ತೆರಿಗೆ ನಿಮ್ಮ ಸಂಬಳದ ಮೇಲಲ್ಲ, ಸಂಬಳದಲ್ಲಿ ಹಿಡಿಯುವ ಆದಾಯ ತೆರಿಗೆಯ ಮೇಲೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಗಳಲ್ಲಿ 8%, ಉಳಿದ ಕಡೆ 9%. ತಿಂಗಳಿಗೆ 400 ಯೂರೋ ಆದಾಯ ತೆರಿಗೆ ಹೋದರೆ ಚರ್ಚಿಗೆ 36 ಯೂರೋ ಹೋಗುತ್ತದೆ. ವರ್ಷದ ಕೊನೆಗೆ ತೆರಿಗೆ ಲೆಕ್ಕ ಸಲ್ಲಿಸುವಾಗ ಅದನ್ನು ತೋರಿಸಿದರೆ ಸ್ವಲ್ಪ ವಾಪಸ್ಸೂ ಬರುತ್ತದೆ. ರೂಮಿನವರು ಸಂಬಳದ 9% ಎಂದು ಹೆದರಿಸಿದ್ದರೆ ಅದು ತಪ್ಪು. ಇನ್ನೊಂದು ಮಾತು, ಖಾಲಿ ಬಿಟ್ಟ ಮಾತ್ರಕ್ಕೆ ನೀವು ಚರ್ಚಿನ ಹೊರಗೆ ಹೋದಂತೆ ಆಗುವುದಿಲ್ಲ. ದೀಕ್ಷಾಸ್ನಾನ ಆದವರು ಸದಸ್ಯರೇ ಎನ್ನುವುದು ಇಲ್ಲಿನ ಕಾನೂನಿನ ಲೆಕ್ಕ. ಹೊರಗೆ ಹೋಗಬೇಕೆಂದರೆ ಸರ್ಕಾರಿ ಕಚೇರಿಗೆ ಹೋಗಿ ಸಹಿ ಹಾಕಬೇಕು.

ನಾನು ಆ ಸಹಿ ಹಾಕಿದವನು.

2013ರಲ್ಲಿ. ಕೋಲ್ನ್ ಇರುವ ರಾಜ್ಯದಲ್ಲಿ ಅದು ಸ್ಥಳೀಯ ಕೋರ್ಟಿನಲ್ಲಿ ಆಗುವ ಕೆಲಸ. 30 ಯೂರೋ ಶುಲ್ಕ, ಹತ್ತು ನಿಮಿಷ. ಎದುರಿಗಿದ್ದ ಹೆಂಗಸು ಯಾಕೆ ಎಂದೂ ಕೇಳಲಿಲ್ಲ. ಆಗ ಊರಿನ ಮನೆಗೆ ತಾರಸಿ ಹಾಕಿಸಬೇಕಿತ್ತು. ವರ್ಷಕ್ಕೆ ಸುಮಾರು 800 ಯೂರೋ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ದೇವರಿಗೆ ನನ್ನ ಸಂಬಳದ ಚೀಟಿ ಬೇಕಾ? ದಿನಾ ರಾತ್ರಿ ಜಪಸರ ಮಾಡುತ್ತೇನೆ, ಸಾಲದಾ? ಹೀಗೆ ನನಗೆ ನಾನೇ ಹೇಳಿಕೊಂಡೆ. ಆಧುನಿಕವಾಗಿ ಯೋಚಿಸುತ್ತಿದ್ದೇನೆ ಎಂಬ ಹೆಮ್ಮೆ ಕೂಡ ಇತ್ತು.

ಸ್ವಲ್ಪ ದಿನಕ್ಕೆ ಧರ್ಮಕೇಂದ್ರದಿಂದ ಒಂದು ಪತ್ರ ಬಂತು. ಕಚೇರಿ ಜರ್ಮನ್, ಉದ್ದುದ್ದ ವಾಕ್ಯ. ಬೈದಿರಬೇಕು ಎಂದುಕೊಂಡು ಡ್ರಾಯರಿನಲ್ಲಿ ಹಾಕಿದೆ. ಐದು ವರ್ಷ ಅದು ಅಲ್ಲೇ ಇತ್ತು.

ಆ ಪತ್ರದಲ್ಲಿ ಇದ್ದದ್ದು ಏನೆಂದರೆ, 2012ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬಿಷಪ್ಪರು ಹೊರಡಿಸಿದ ಆದೇಶದ ಸಾರ. ಹೀಗೆ ಸಹಿ ಹಾಕಿ ಹೊರಹೋದವರಿಗೆ ಪಾಪನಿವೇದನೆ, ಪರಮಪ್ರಸಾದ (ಕಮ್ಯುನಿಯನ್), ದೃಢೀಕರಣ (ಕನ್ಫರ್ಮೇಷನ್) ಯಾವುದೂ ಇಲ್ಲ. ಸಾವಿನ ಅಪಾಯ ಇಲ್ಲದಿದ್ದರೆ ರೋಗಿಗಳ ಅಭ್ಯಂಗವೂ, ಅಂದರೆ ಪಾದ್ರಿಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವೂ ಇಲ್ಲ. ದೀಕ್ಷಾಸ್ನಾನದಲ್ಲಿ ಜ್ಞಾನತಂದೆ, ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್) ಆಗಿ ನಿಲ್ಲುವ ಹಾಗಿಲ್ಲ. ಸಾಯುವ ಮುಂಚೆ ಮನಸ್ಸು ಬದಲಾದ ಗುರುತಿಲ್ಲದಿದ್ದರೆ ಚರ್ಚಿನ ಅಂತ್ಯಕ್ರಿಯೆಯೂ ಸಿಗದೆ ಹೋಗಬಹುದು.

2016ರಲ್ಲಿ ನನ್ನ ತಂಗಿಗೆ ಹೆಣ್ಣು ಮಗು ಆಯಿತು. ಮಾವನೇ ಜ್ಞಾನತಂದೆ ಆಗಬೇಕು ಎಂದು ಅವ್ವ ಹಟ ಹಿಡಿದರು. ಊರಿನ ಸ್ವಾಮಿಗಳು, ಹೊರದೇಶದಲ್ಲಿ ಇರುವವನು, ಅಲ್ಲಿನ ಧರ್ಮಕೇಂದ್ರದಿಂದ ಒಂದು ಪತ್ರ ತರಲಿ ಎಂದರು. ಇವರು ಜ್ಞಾನತಂದೆ ಆಗಬಹುದು ಎಂದು ಹೇಳುವ ಪತ್ರ ಅದು, ಇಲ್ಲಿ ಅದಕ್ಕೆ ಪಾಟೆನ್‌ಶೈನ್ ಎನ್ನುತ್ತಾರೆ. ಕಚೇರಿಗೆ ಹೋದೆ. ಅಲ್ಲಿದ್ದವರು ಕಂಪ್ಯೂಟರ್ ನೋಡಿ, ತುಂಬ ಮೆತ್ತಗೆ, ಆಗುವುದಿಲ್ಲ ಎಂದರು. ಏನಾಗಿದೆ ಎಂದು ನನಗೆ ಪೂರ್ತಿ ಗೊತ್ತಾದದ್ದು ಅವತ್ತು.

ಆಗಲೂ ದಾರಿ ಇತ್ತು. ಅವರೇ ಹೇಳಿದರು, ಸ್ವಾಮಿಗಳ ಹತ್ತಿರ ಮಾತಾಡಿ ಎಂದು. ನಾನು ಮಾತಾಡಲಿಲ್ಲ. ನಾಚಿಕೆ ಆಯಿತು, ಸಿಟ್ಟೂ ಬಂತು. ಅವ್ವನಿಗೆ ಫೋನ್ ಮಾಡಿ ರಜೆ ಸಿಗಲಿಲ್ಲ ಎಂದೆ. ದೊಡ್ಡಪ್ಪನ ಮಗ ನಿಂತ. ನಾನು ದುಡ್ಡು ಕಳಿಸಿ ಹಾಕಿಸಿದ ತಾರಸಿಯ ಕೆಳಗೆ ಊಟ ಆಯಿತು. ಆ ಮಗುವಿನ ದೀಕ್ಷಾಸ್ನಾನದಲ್ಲಿ ಹಚ್ಚಿದ ಮೇಣದಬತ್ತಿಯನ್ನು ಅವ್ವ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟರು. ನೀನು ಬಂದಾಗ ಒಂದು ಸಲ ಹಚ್ಚಿ ಕೈಯಲ್ಲಿ ಹಿಡಿದುಕೊ, ಆಗ ಲೆಕ್ಕ ಸರಿಹೋಗುತ್ತದೆ ಎಂದರು.

2018ರಲ್ಲಿ ಅವ್ವ ತೀರಿಕೊಂಡರು. ಆ ನಡುವೆ ನಾನು ಊರಿಗೆ ಹೋಗಿರಲಿಲ್ಲ. ಸಾವಿನ ಪೂಜೆಯಲ್ಲಿ ಪರಮಪ್ರಸಾದಕ್ಕೆ ಇಡೀ ಚರ್ಚು ಎದ್ದು ಹೋಯಿತು. ನಾನು ಮುಂದಿನ ಬೆಂಚಿನಲ್ಲಿ ಕುಳಿತೇ ಇದ್ದೆ. ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಹೋಗಿದ್ದರೆ ಸ್ವಾಮಿಗಳು ಕೊಡುತ್ತಿದ್ದರು. ಆದರೆ ಅವ್ವನಿಗೆ ಒಂದು ಸುಳ್ಳು ಹೇಳಿ ಆಗಿತ್ತು, ಅವರ ಮುಂದೆ ಇನ್ನೊಂದು ಬೇಡ ಅನ್ನಿಸಿತು. ಅಪ್ಪ ತಿರುಗಿ ನೋಡಿ, 'ಬರಲ್ವಾ ಮಗಾ?' ಎಂದರು. ನಾನು ತಲೆ ಅಲ್ಲಾಡಿಸಿದೆ. ಅವರು ಒಬ್ಬರೇ ಹೋಗಿ ಬಂದರು. ಯಾಕೆ ಎಂದು ಮತ್ತೆ ಯಾವತ್ತೂ ಕೇಳಲಿಲ್ಲ.

ತಂಗಿ, ಹೊಸದಾಗಿ ಯೋಚಿಸಬೇಕು ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ವಿಧಿಗಳು ಬದಲಾಗುತ್ತಲೇ ಬಂದಿವೆ. ನನ್ನ ಅಜ್ಜಿ ಲ್ಯಾಟಿನ್ ಪೂಜೆಯಲ್ಲಿ ಜಪಸರ ಎಣಿಸುತ್ತಾ ಬೆಳೆದವರು. ಅವರ ಕಾಲದಲ್ಲಿ ದೀಕ್ಷಾಸ್ನಾನದ ಮಗುವಿನ ನಾಲಿಗೆಗೆ ಉಪ್ಪು ಮುಟ್ಟಿಸುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಬಂದ ಹೊಸ ವಿಧಿಯಲ್ಲಿ ಉಪ್ಪು ಹೋಯಿತು. ಅದೇ ವರ್ಷ ಭಾರತದ ಪೂಜೆಗೆ ಹನ್ನೆರಡು ಬದಲಾವಣೆಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಆರತಿ ಬಂತು, ನೆಲದ ಮೇಲೆ ಕೂರುವುದು ಬಂತು, ಮಂಡಿಯೂರುವ ಬದಲು ಕೈ ಮುಗಿಯುವುದು ಬಂತು. ಅದರ ಹಿಂದೆ ಬೆಂಗಳೂರಿನ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮಬೋಧೆ, ಆರಾಧನಾ ವಿಧಿಗಳ ರಾಷ್ಟ್ರೀಯ ಕಥೋಲಿಕ ಕೇಂದ್ರ) ಕಟ್ಟಿದ ಫಾದರ್ ಅಮಲೋರ್ಪವದಾಸ್ ಅವರ ದುಡಿಮೆ ದೊಡ್ಡದು. ಅವರೇ ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಅಜ್ಜಿಗೆ ಚರ್ಚಿನೊಳಗೆ ಆರತಿ ಇಷ್ಟವಾಗಲಿಲ್ಲ. ನನಗೆ ಆರತಿ ಇಲ್ಲದ ಹಬ್ಬದ ಪೂಜೆ ಇವತ್ತಿಗೂ ಸಪ್ಪೆ. ಯಾವುದು ಹಳೆಯದು, ಯಾವುದು ಹೊಸದು, ನೀವೇ ಹೇಳಿ.

ರೋಗಿಗಳ ಅಭ್ಯಂಗವನ್ನೇ ನೋಡಿ. ನಮ್ಮಲ್ಲಿ ಈಗಲೂ ಅದನ್ನು ಕೊನೆಯ ಅಭ್ಯಂಗ ಎಂದೇ ತಿಳಿದು, ಸ್ವಾಮಿಗಳನ್ನು ಕರೆದರೆ ರೋಗಿ ಹೆದರುತ್ತಾರೆ ಎಂದು ಕರೆಯುವುದೇ ಇಲ್ಲ. 1972ರಲ್ಲೇ ಪೋಪ್ ಆರನೇ ಪೌಲರು ಅದನ್ನು ತಿದ್ದಿದ್ದಾರೆ. ಕಾಯಿಲೆ ಗಂಭೀರ ಎಂದಾಗಲೇ ತೆಗೆದುಕೊಳ್ಳಬಹುದು, ಮತ್ತೆ ಮತ್ತೆ ತೆಗೆದುಕೊಳ್ಳಬಹುದು. ನೀವು ನರ್ಸ್, ಇದು ನಿಮಗೆ ಕೆಲಸಕ್ಕೆ ಬರುವ ವಿಷಯ. ಇಲ್ಲಿನ ಆಸ್ಪತ್ರೆಗಳಲ್ಲಿ ಪ್ರಾರ್ಥನೆ, ಮಾತುಕತೆಗೆ ಎಂದೇ ಚರ್ಚಿನವರು ಇರುತ್ತಾರೆ. ಆದರೆ ಅಭ್ಯಂಗ ಕೊಡಲು ಪಾದ್ರಿಗಳೇ ಬೇಕು, ಹೊತ್ತಿಗೆ ಮುಂಚೆ ಕರೆಸಿ. ಮಗು ಸಾಯುವ ಸ್ಥಿತಿಯಲ್ಲಿದ್ದು ತಂದೆತಾಯಿ ಬಯಸಿದರೆ ದೀಕ್ಷಾಸ್ನಾನವನ್ನು ನೀವೇ ಕೊಡಬಹುದು. ನೀರು ಸುರಿದು ತ್ರೈಏಕ ದೇವರ ಹೆಸರಿನಲ್ಲಿ ಹೇಳಿದರೆ ಸಾಕು.

ಬೇರೆಯವರಿಗೆ ನೀವು ಕೊಡಬಹುದು, ನಿಮಗೆ ನೀವೇ ಕೊಟ್ಟುಕೊಳ್ಳಲು ಆಗುವುದಿಲ್ಲ. ನಾನು ಎಡವಿದ್ದು ಇಲ್ಲೇ. ಪಾಪ ಕ್ಷಮಿಸಿದೆ ಎಂದು ನನಗೆ ನಾನೇ ಹೇಳಿಕೊಳ್ಳಲು ಆಗುವುದಿಲ್ಲ. ಹಣೆಗೆ ಎಣ್ಣೆ ಹಚ್ಚಲು ಇನ್ನೊಬ್ಬರ ಬೆರಳೇ ಬೇಕು. ಹೊರದೇಶಕ್ಕೆ ಬಂದವರು ಎಲ್ಲವನ್ನೂ ಒಬ್ಬರೇ ಮಾಡಿಕೊಳ್ಳಲು ಕಲಿಯುತ್ತೇವೆ. ಅಡುಗೆ, ತೆರಿಗೆ, ಜ್ವರ, ಅಳು ಎಲ್ಲ ಒಬ್ಬರೇ. ನಂಬಿಕೆಯನ್ನೂ ಹಾಗೇ ಒಬ್ಬನೇ ನಡೆಸುತ್ತೇನೆ ಎಂದು ಹೊರಟೆ. ಜಪಸರ ಒಂದು ವರ್ಷ ನಡೆಯಿತು. ಆಮೇಲೆ ಅದೂ ನಿಂತಿತು.

ದುಡ್ಡನ್ನೂ ಸಂಸ್ಕಾರವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ಸರಿಯಾ? ನನಗೆ ಸರಿ ಅನ್ನಿಸುವುದಿಲ್ಲ. ಇಲ್ಲಿನ ಎಷ್ಟೋ ಕಥೋಲಿಕರೂ ಇದನ್ನೇ ಕೇಳುತ್ತಾರೆ. 2022ರ ಒಂದೇ ವರ್ಷ 5 ಲಕ್ಷ 22 ಸಾವಿರಕ್ಕೂ ಹೆಚ್ಚು ಜನ ಜರ್ಮನಿಯಲ್ಲಿ ಕಥೋಲಿಕ ಧರ್ಮಸಭೆ ಬಿಟ್ಟರು. ಅವರಲ್ಲಿ ಚರ್ಚಿನೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯದಿಂದ ಮನಸ್ಸು ಮುರಿದವರೂ ಇದ್ದಾರೆ. ಅವರ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ನನ್ನದು ಆ ನೋವಲ್ಲ. ನನ್ನದು 800 ಯೂರೋ. ನಿಯಮ ತಪ್ಪು ಅನ್ನಿಸಿದರೆ ಒಳಗಿದ್ದು ಜಗಳ ಆಡಿ, ನಾನೂ ಈಗ ಆಡುತ್ತೇನೆ. ದುಡ್ಡು ಉಳಿಸುವುದಕ್ಕೆ ಆಧುನಿಕ ವಿಚಾರದ ಹೆಸರು ಮಾತ್ರ ಇಡಬೇಡಿ.

ನಾನು ವಾಪಸ್ಸು ಸೇರಿದ್ದು ಅವ್ವ ಹೋದ ವರ್ಷವೇ. ಡ್ರಾಯರಿನಿಂದ ಪತ್ರ ತೆಗೆದು ಮೊದಲ ಸಲ ಕೊನೆವರೆಗೆ ಓದಿದೆ. ಬೈಗುಳ ಒಂದೂ ಇರಲಿಲ್ಲ. ಬನ್ನಿ, ಕುಳಿತು ಮಾತಾಡೋಣ ಎಂದು ಕರೆದಿದ್ದರು. ಹೋದೆ. ಶುಲ್ಕ ಏನೂ ಇಲ್ಲ. ಒಂದು ಸಣ್ಣ ಅರ್ಜಿ, ಬಿಷಪ್ಪರ ಅನುಮತಿ, ಸ್ವಾಮಿಗಳ ಮುಂದೆ ವಿಶ್ವಾಸ ಪ್ರಮಾಣ. ಮತ್ತೆ ದೀಕ್ಷಾಸ್ನಾನ ಬೇಕಾಗುತ್ತದಾ ಎಂದು ಕೇಳಿದೆ. ಅವರು ನಕ್ಕು, ಅದು ಒಂದೇ ಸಲ, ಅಳಿಸಿ ಹೋಗುವುದಿಲ್ಲ ಎಂದರು. ನನಗೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ ನೆನಪಾಯಿತು. ಅಜ್ಜಿಗೆ ದೀಕ್ಷಾಸ್ನಾನ ಆದದ್ದು ಅಲ್ಲಿನ ಚರ್ಚಿನಲ್ಲಿ. ಹೇಮಾವತಿಗೆ ಅಣೆಕಟ್ಟು ಬಂದು ಊರೇ ಎದ್ದು ಹೋಯಿತು. ಈಗಲೂ ಜಲಾಶಯ ತುಂಬಿದಾಗ ಚರ್ಚು ಅರ್ಧ ಮುಳುಗುತ್ತದೆ, ನೀವೂ ನೋಡಿರುತ್ತೀರಿ. ಅಜ್ಜಿ ಮಾತ್ರ ಸಾಯುವವರೆಗೂ, ನನ್ನ ಹೆಸರು ಶೆಟ್ಟಿಹಳ್ಳಿಯಲ್ಲಿ ಇಟ್ಟಿದ್ದು ಎನ್ನುತ್ತಿದ್ದರು.

ಆಮೇಲೆ ಆ ಎರಡು ಕುರ್ಚಿಯ ಕೋಣೆಯಲ್ಲಿ ಪಾಪನಿವೇದನೆ ಮಾಡಿದೆ. ತೆರಿಗೆ ವಿಷಯವನ್ನೇ ಎಳೆದು ಎಳೆದು ಹೇಳುತ್ತಿದ್ದೆ. ಸ್ವಾಮಿಗಳು ತಡೆದು, ತಾಯಿಗೆ ಹೇಳಿದ ಸುಳ್ಳಿನ ಬಗ್ಗೆ ಹೇಳಿ ಎಂದರು.

ಆದ್ದರಿಂದ ಅರ್ಜಿಯಲ್ಲಿ ಕಥೋಲಿಕ ಎಂದೇ ಬರೆಯಿರಿ. ಮನೆ ಸೇರಿದ ಎರಡು ವಾರದೊಳಗೆ ಕೊಡಬೇಕು, ನಿಮಗೆ ನಾಲ್ಕೇ ದಿನ ಉಳಿದಿದೆ. ಸಂಬಳದ ಚೀಟಿಯಲ್ಲಿ ಧರ್ಮದ ಜಾಗದಲ್ಲಿ ಆರ್‌ಕೆ ಎಂಬ ಎರಡು ಅಕ್ಷರ ಬರುತ್ತದೆ, ರೋಮನ್ ಕಥೋಲಿಕ ಎಂದರ್ಥ, ಗಾಬರಿ ಬೇಡ.

ದೀಕ್ಷಾಸ್ನಾನ ಊರಲ್ಲಿ ಮಾಡಿಸಿದರೆ ಅಜ್ಜಿ ತಾತ ಇರುತ್ತಾರೆ, ಮನಸ್ಸು ತುಂಬುತ್ತದೆ. ನಾನಾದರೆ ಊರನ್ನೇ ಆರಿಸುತ್ತಿದ್ದೆ. ಇಲ್ಲೇ ಮಾಡಿಸುವುದಾದರೆ ಮಗುವಿನ ಜನನ ಪತ್ರ, ನಿಮ್ಮ ದೀಕ್ಷಾಸ್ನಾನದ ಪತ್ರ ಈಗಲೇ ತರಿಸಿ ಇಟ್ಟುಕೊಳ್ಳಿ. ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರಾದರೂ ಬೇಕು. ಹದಿನಾರು ತುಂಬಿರಬೇಕು, ದೃಢೀಕರಣ ಆಗಿರಬೇಕು, ಅವರ ಧರ್ಮಕೇಂದ್ರದಿಂದ ಪಾಟೆನ್‌ಶೈನ್ ಸಿಗಬೇಕು. ನಮ್ಮ ಕಡೆಯವರು ಯಾರೂ ಹತ್ತಿರದಲ್ಲಿ ಇಲ್ಲದಿದ್ದರೆ ಸಂಕೋಚ ಇಲ್ಲದೆ ನನ್ನನ್ನು ಕೇಳಿ. ಈಗ ನನಗೆ ಕೊಡುತ್ತಾರೆ.