ತೂಕ ಬದಲಿಸಿದರೆ ಆಯ್ಕೆಯೂ ಬದಲಾಗುತ್ತದೆ. ಅಂಕಪಟ್ಟಿಯನ್ನು ನಂಬುವುದು ಹೇಗೆ?

ಪ್ರಶ್ನೆ: ಮೂರು ಯೋಜನೆಗಳಲ್ಲಿ ಒಂದನ್ನು ಆರಿಸಲು ವೆಚ್ಚ, ಅವಧಿ, ಗುಣಮಟ್ಟ ಮುಂತಾದ ಅಂಶಗಳಿಗೆ ತೂಕ ನಿಗದಿಪಡಿಸಿ, ಅಂಕ ಕೊಟ್ಟು ಕೂಡಿದೆವು. ತೂಕವನ್ನು ತುಸು ಬದಲಿಸಿದರೂ ಮೊದಲ ಸ್ಥಾನ ಬೇರೆ ಯೋಜನೆಗೆ ಹೋಗುತ್ತಿದೆ. ಹೀಗಿರುವಾಗ ಈ ಕ್ರಮದಿಂದ ಪ್ರಯೋಜನವೇನು?

ಉತ್ತರ: ಮುಂದಿರುವ ಯೋಜನೆಗಳ ನಡುವೆ, ಸದ್ಯ ಕೈಯಲ್ಲಿರುವ ಮಾಹಿತಿಯ ಮಟ್ಟಿಗೆ, ಹೇಳಿಕೊಳ್ಳುವಂಥ ಅಂತರವಿಲ್ಲವೆಂದು ನಿಮ್ಮ ಪಟ್ಟಿ ತಿಳಿಸಿದೆ, ಮತ್ತು ಇದು ಬಹಳ ಉಪಯುಕ್ತವಾದ ತಿಳಿವಳಿಕೆ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಯವರಿಗೆ ಬರೆದ ಪತ್ರದಲ್ಲಿ, ಪರ-ವಿರೋಧದ ಕಾರಣಗಳನ್ನು ಅಕ್ಕಪಕ್ಕದ ಎರಡು ಅಂಕಣಗಳಲ್ಲಿ ಬರೆದು ಸಮತೂಕದವನ್ನು ಹೊಡೆದುಹಾಕುತ್ತ ಹೋಗುವ ಕ್ರಮವನ್ನು ವಿವರಿಸಿದ್ದರು. ಕಾರಣಗಳ ತೂಕವನ್ನು ಬೀಜಗಣಿತದಷ್ಟು ಖಚಿತವಾಗಿ ಅಳೆಯಲಾಗದಿದ್ದರೂ, ಎಲ್ಲವೂ ಕಣ್ಣೆದುರಿಗಿದ್ದಾಗ ದುಡುಕುವ ಸಂಭವ ಕಡಿಮೆ ಎಂಬುದನ್ನು ಅವರು ಆಗಲೇ ಒಪ್ಪಿಕೊಂಡಿದ್ದರು.

ನಿಮ್ಮ ಪಟ್ಟಿಯಲ್ಲಿ ನಿಜವಾದ ತೊಡಕು ತೂಕದಲ್ಲಿಲ್ಲ, ಅಂಕದಲ್ಲಿದೆ ಎಂದು ನನಗನ್ನಿಸುತ್ತದೆ. ಒಂದು ಯೋಜನೆಯ ಅವಧಿಗೆ 7 ಅಂಕ ಕೊಟ್ಟಾಗ, ಅದು ಖಂಡಿತವಾಗಿ 7 ಆಗಿರಬಹುದು, ಇಲ್ಲವೇ 3ರಿಂದ 9ರವರೆಗೆ ಎಲ್ಲಾದರೂ ಬೀಳಬಹುದಾದದ್ದಕ್ಕೆ ಕೊಟ್ಟ ಅಂದಾಜಾಗಿರಬಹುದು. ಕೂಡುವಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಆದ್ದರಿಂದ ಪ್ರತಿ ಅಂದಾಜಿಗೂ ಕನಿಷ್ಠ, ಅತಿ ಸಂಭವನೀಯ ಮತ್ತು ಗರಿಷ್ಠ ಮೌಲ್ಯಗಳನ್ನು ಬರೆದು, ಯಾವುದು ಬದಲಾದರೆ ಆಯ್ಕೆಯೇ ಬದಲಾಗುತ್ತದೆಂದು ಒಂದೊಂದಾಗಿ ಪರೀಕ್ಷಿಸಿ. ಮುಂದಿನ ವಿಚಾರಣೆಯ ಸಮಯವೂ ಹಣವೂ ಅಂಥವುಗಳಿಗೇ ಮೀಸಲಾಗಲಿ. ಏನೇ ತಿಳಿದುಬಂದರೂ ಆಯ್ಕೆಯನ್ನು ಅಲುಗಿಸಲಾರದ ಮಾಹಿತಿ ಎಷ್ಟೇ ಕುತೂಹಲಕರವಾಗಿದ್ದರೂ ಈ ನಿರ್ಧಾರಕ್ಕೆ ಬೇಕಿಲ್ಲ.

ಸಂಭವನೀಯತೆಯನ್ನೇ ಹೇಳಲಾಗದ ಸಂದರ್ಭಗಳೂ ಇವೆ. ಅಳೆಯಬಹುದಾದ ಅಪಾಯ ಬೇರೆ, ಅಳತೆಗೆ ಸಿಗದ ಅನಿಶ್ಚಿತತೆ ಬೇರೆ ಎಂದು ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ವಿಂಗಡಿಸಿದ್ದರು. ಅಂಥಲ್ಲಿ ಸಂಖ್ಯಾಶಾಸ್ತ್ರಜ್ಞ ಲಿಯೊನಾರ್ಡ್ ಸ್ಯಾವೇಜ್ 1951ರಲ್ಲಿ ಮುಂದಿಟ್ಟ ಪಶ್ಚಾತ್ತಾಪದ ಲೆಕ್ಕ, ಅಂದರೆ ಆಯ್ಕೆ ತಪ್ಪಾದರೆ ಕೈತಪ್ಪುವ ಅತಿ ಹೆಚ್ಚಿನ ಲಾಭ ಯಾವುದರಲ್ಲಿ ಕಡಿಮೆಯೋ ಅದನ್ನು ಆರಿಸುವ ಕ್ರಮ, ನೆರವಾಗುತ್ತದೆ. ಬೇಡಿಕೆ ಏರಿದರೆ ಮೊದಲ ಯೋಜನೆಯಿಂದ 100, ಎರಡನೆಯದರಿಂದ 70 ಲಾಭ. ಇಳಿದರೆ ಕ್ರಮವಾಗಿ 10 ಮತ್ತು 60 ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಆರಿಸಿ ಬೇಡಿಕೆ ಇಳಿದರೆ 50 ಕೈತಪ್ಪುತ್ತದೆ, ಎರಡನೆಯದನ್ನು ಆರಿಸಿ ಬೇಡಿಕೆ ಏರಿದರೆ 30 ಮಾತ್ರ. ಹಾಗಾಗಿ ಈ ಲೆಕ್ಕ ಎರಡನೆಯದರ ಪರವಾಗಿದೆ. ಹೊಸದೊಂದು ಯೋಜನೆ ಸೇರಿದರೆ ಹಳೆಯ ಎರಡರ ಕ್ರಮವೇ ತಿರುವುಮುರುವಾಗಬಹುದು, ಆದ್ದರಿಂದ ಲೆಕ್ಕಕ್ಕೆ ಕೂರುವ ಮೊದಲೇ ಪಟ್ಟಿಯನ್ನು ಅಂತಿಮಗೊಳಿಸಿ.

ಇಷ್ಟಾದರೂ ಅಂತರ ಮೂಡದಿದ್ದರೆ, ಸುಲಭವಾಗಿ ಹಿಂತೆಗೆಯಬಹುದಾದ ಯೋಜನೆಯನ್ನು ಆರಿಸಿ. ನಿಮ್ಮ ಅಂದಾಜುಗಳನ್ನೂ ಕಾರಣಗಳನ್ನೂ ದಿನಾಂಕದೊಂದಿಗೆ ಬರೆದಿಡಿ. ಒಳ್ಳೆಯ ನಿರ್ಧಾರಕ್ಕೂ ಕೆಟ್ಟ ಫಲ ಬರಬಹುದಾದ್ದರಿಂದ, ಮುಂದೆ ಅದನ್ನು ಪರಿಶೀಲಿಸುವವರಿಗೆ ಫಲಿತಾಂಶವೊಂದೇ ಸಾಲದು.