ಡಿವಿಷನ್ 3 ಕಾಲೇಜು: ಆಟ ಬಿಟ್ಟರೆ ಹಣಸಹಾಯ ನಿಲ್ಲುತ್ತದೆಯೇ?

ನಮಸ್ಕಾರ. ನಿಮ್ಮ ಮಗನ ಸಹಪಾಠಿ, ಕಪ್ಪು ಹುಡುಗ, ಅಮೆರಿಕದ ಓಹಾಯೋದ ಸಣ್ಣ ಡಿವಿಷನ್ 3 (ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೂರನೇ ವಿಭಾಗ) ಕಾಲೇಜಿಗೆ ಫುಟ್‌ಬಾಲ್ ಆಡಲು ಸೇರುತ್ತಿದ್ದಾನೆ, ಆಟ ಬಿಟ್ಟರೆ ಹಣಸಹಾಯ ನಿಲ್ಲುತ್ತದೆಯೇ, ಮೊದಲೇ ಏನೇನು ವಿಚಾರಿಸಬೇಕು ಎಂದು ಕೇಳಿದ್ದೀರಿ.

ಆಟ ಬಿಟ್ಟ ಕಾರಣಕ್ಕೆ ನಿಲ್ಲುವುದಿಲ್ಲ. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ. ಕೋಚ್ ಬಾಯಿಮಾತಿನಲ್ಲಿ ಹೇಳಿದ ಮೊತ್ತ ಬಿಡಿ. ಕಾಲೇಜಿನ ಪತ್ರದಲ್ಲಿ ಗ್ರಾಂಟ್ (ಮರಳಿಸಬೇಕಿಲ್ಲದ ಹಣ) ಎಷ್ಟು, ಸಾಲ ಎಷ್ಟು, ಗ್ರಾಂಟ್ ಉಳಿಯಲು ಎಷ್ಟು ಜಿಪಿಎ (ಸರಾಸರಿ ಅಂಕ) ಬೇಕು ಎಂದು ಬೇರೆಬೇರೆಯಾಗಿ ನೋಡಲಿ.

ಮೂರು ವರ್ಷ ಹಿಂದಿನ ತಂಡದ ಪಟ್ಟಿ ಕಾಲೇಜಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅಂದು ಮೊದಲ ವರ್ಷದಲ್ಲಿದ್ದ ಕಪ್ಪು ಆಟಗಾರರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ, ಎಣಿಸಲಿ. ಉಳಿದವರ ಜೊತೆ, ಕೋಚ್ ಇಲ್ಲದಾಗ, ಊಟಕ್ಕೆ ಕೂತು ಕೇಳಲಿ: ಕಪ್ಪು ಜನರ ಕೂದಲು ಕತ್ತರಿಸಬಲ್ಲವರು ಎಷ್ಟು ಮೈಲಿ ದೂರ? ರಜೆಯಲ್ಲಿ ಡೈನಿಂಗ್ ಹಾಲ್ ಮುಚ್ಚಿದರೆ ಊಟ ಎಲ್ಲಿ? ಬಿಳಿಯರೇ ಹೆಚ್ಚಿರುವ ಕ್ಯಾಂಪಸ್‌ಗಳಲ್ಲಿ ಕಪ್ಪು ಹುಡುಗನಿಗೆ 'ನೀನು ಆಟಕ್ಕೇ ಬಂದವನು' ಎಂಬ ಊಹೆ ಎಷ್ಟೋ ಸಲ ತರಗತಿಯಲ್ಲೂ ಬೆನ್ನು ಬಿಡುವುದಿಲ್ಲ. ಓದಿಗೆ ಬಂದ ಹುಡುಗನಿಗೆ ಅದು ನಿಜಕ್ಕೂ ನೋವು.

ಇನ್ನೊಂದು, ದಯವಿಟ್ಟು ಕಡೆಗಣಿಸಬೇಡಿ: ಸಿಕಲ್ ಸೆಲ್ ಟ್ರೇಟ್, ಅಂದರೆ ಕುಡಗೋಲು ಕಣ ರೋಗದ ಜೀನ್ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದಿರುವ ಸ್ಥಿತಿ. ಅಮೆರಿಕದಲ್ಲಿ ಹುಟ್ಟುವ ಕಪ್ಪು ಶಿಶುಗಳಲ್ಲಿ ಸುಮಾರು 13ರಲ್ಲಿ ಒಂದಕ್ಕೆ ಇದು ಇರುತ್ತದೆ. ಆಗಸ್ಟ್ ಬಿಸಿಲಿನ ಮೊದಲ ದಿನಗಳಲ್ಲಿ ಬಿಡುವಿಲ್ಲದೆ ಸ್ಪ್ರಿಂಟ್ ಹೊಡೆಸಿದಾಗ ಅಪಾಯ ಹೆಚ್ಚು. ಸಾಮಾನ್ಯ ಸೆಳೆತದಲ್ಲಿ ಸ್ನಾಯು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಇಲ್ಲಿ ಕಾಲು ಸೋತು ಹುಡುಗ ಕುಸಿಯುತ್ತಾನೆ. ಆಗ 'ಏಳು, ಓಡು' ಎನ್ನುವುದು ಪ್ರಾಣಕ್ಕೆ ಎರವು. ತಕ್ಷಣ ನಿಲ್ಲಿಸಿ, ಆಮ್ಲಜನಕ ಕೊಟ್ಟು, 911ಕ್ಕೆ (ಅಲ್ಲಿನ ತುರ್ತು ಸಂಖ್ಯೆ) ಕರೆ ಮಾಡಬೇಕು. ಹುಟ್ಟಿದಾಗಿನ ಪರೀಕ್ಷೆಯ ವರದಿಯನ್ನು ಅಥ್ಲೆಟಿಕ್ ಟ್ರೇನರ್ (ತಂಡದ ಆರೋಗ್ಯ ನೋಡುವವರು) ಕೈಗೆ ಮೊದಲ ಅಭ್ಯಾಸಕ್ಕೂ ಮುಂಚೆಯೇ ತಲುಪಿಸಲಿ.