ಹೆಸರು ಮುಚ್ಚಿಟ್ಟು ಬರೆಯುವವರೆಲ್ಲ ಹೇಡಿಗಳಾ?

ನೀವು ಕೇಳಿದ್ದು ಇಷ್ಟು. ಊರು ಉಡುಪಿ, ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ, ಇಲ್ಲಿನ ವಿಷಯಗಳ ಬಗ್ಗೆ ಹೆಸರು ಹಾಕದೆ ಇನ್‌ಸ್ಟಾಗ್ರಾಮ್‌ನಲ್ಲಿ ಬರೆಯಬೇಕು ಅಂತಿದ್ದೀರಿ. ನಿಮ್ಮ ಗೆಳೆಯ "ಧೈರ್ಯ ಇದ್ರೆ ಹೆಸರು ಹಾಕಿ ಬರಿ, ಇಲ್ಲದಿದ್ರೆ ಸುಮ್ನಿರು" ಅಂದಿದ್ದಾನೆ. ಎಲ್ಲ ಅಕೌಂಟಿಗೂ ಆಧಾರ್ ಜೋಡಿಸಿಬಿಟ್ಟರೆ ಈ ಫೇಕ್ ಐಡಿಗಳ ಕಾಟವೇ ಇರುವುದಿಲ್ಲ ಅಲ್ವಾ ಎಂದೂ ಕೇಳಿದ್ದೀರಿ.

ಬರೆಯಿರಿ. ಗೆಳೆಯ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆಧಾರ್ ಜೋಡಿಸುವುದನ್ನಂತೂ ಇನ್ನೂ ಒಪ್ಪುವುದಿಲ್ಲ. ಆದರೆ ಹೆಸರಿಲ್ಲದೆ ನೀವು ಯಾರ ಬಗ್ಗೆ ಬರೆಯುತ್ತೀರಿ, ನಿಮಗಿಂತ ದೊಡ್ಡವರ ಬಗ್ಗೆಯಾ ಅಥವಾ ತಿರುಗಿ ಉತ್ತರ ಕೊಡಲಾಗದ ಯಾರದೋ ಬಗ್ಗೆಯಾ, ಅದರ ಮೇಲೆ ಎಲ್ಲವೂ ನಿಂತಿದೆ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ವಿದ್ಯಾರ್ಥಿಗಳ ದೂರು ಕೇಳುವ ಸಮಿತಿಯಲ್ಲೂ ಇದ್ದೇನೆ. ಹಾಗಾಗಿ ಇದರ ಎರಡೂ ಮುಖ ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ.

ಮೊದಲು ನಮ್ಮ ಊರಿನ ವಿಷಯ ಹೇಳಬೇಕು. ನಮ್ಮ ಕಡೆ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆ "ಮನೆ ಎಲ್ಲಾಯ್ತು", ಎರಡನೆಯದು "ಯಾರ ಪೈಕಿ". ಸರ್‌ನೇಮ್ ಹೇಳಿದರೆ ಮೂರನೆಯ ಪ್ರಶ್ನೆಯೇ ಬೇಡ. ಶೆಟ್ಟಿ, ಪೂಜಾರಿ, ಪೈ, ಭಟ್, ಡಿಸೋಜ, ಬ್ಯಾರಿ ಹೆಸರು, ಯಾವುದೇ ಇರಲಿ, ಮನೆಯಲ್ಲಿ ತುಳು ಮಾತಾಡುತ್ತೀರೋ ಕೊಂಕಣಿಯೋ, ಯಾವ ದೇವರಿಗೆ ಕೈಮುಗಿಯುತ್ತೀರೋ, ಯಾವ ಪಾರ್ಟಿಯವರಿರಬಹುದು ಎಂಬುದೆಲ್ಲ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಫಲ್ಗುಣಿ ನದಿಯ ನೀರು ಕಪ್ಪಾಗಿದೆ ಎಂದು ಒಬ್ಬ ಬರೆದ ಅಂದುಕೊಳ್ಳಿ. ಓದುವವರು ನೀರು ನೋಡುವ ಮೊದಲು ಹೆಸರು ನೋಡುತ್ತಾರೆ, ಆಮೇಲೆ "ಅವರು ಹಾಗೆಯೇ ಬರೆಯುವುದು" ಎಂದು ಮುಂದೆ ಹೋಗುತ್ತಾರೆ. ಹೆಸರಿಲ್ಲದಿದ್ದರೆ ಕೊನೆಗೆ ನೀರಿನ ಬಗ್ಗೆಯಾದರೂ ಮಾತು ನಡೆಯುತ್ತದೆ. ಇದನ್ನು ನಾನು ದೊಡ್ಡ ಲಾಭ ಎಂದೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಪಕ್ಕದ ಮನೆಯವರಿಗೇ ನಾವು ಯಾರೆಂದು ಗೊತ್ತಿರುವುದಿಲ್ಲ, ಇಲ್ಲಿ ಹಾಗಲ್ಲ, ಇಲ್ಲಿ ಬಸ್ ಕಂಡಕ್ಟರಿಗೂ ನಮ್ಮ ಅಪ್ಪ ಗೊತ್ತು.

ಇನ್ನೊಂದು, ಹೆದರಿಕೆ. 2009ರ ಜನವರಿಯಲ್ಲಿ ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಮೇಲೂ ಬೇರೆ ಧರ್ಮದ ಸಹಪಾಠಿಯ ಜೊತೆ ಬೀಚಿನಲ್ಲೋ ಜ್ಯೂಸ್ ಅಂಗಡಿಯಲ್ಲೋ ಕೂತವರನ್ನು ತಡೆದು "ಹೆಸರೇನು, ಐಡಿ ಕಾರ್ಡ್ ತೋರಿಸು" ಎಂದು ಕೇಳುವುದು ನಿಂತಿಲ್ಲ. ಇಂಥ ಕಡೆ ಬೆಳೆಯುವ ಹುಡುಗ ಹುಡುಗಿಯರು ತಮ್ಮ ಮನಸ್ಸಿನಲ್ಲಿರುವುದನ್ನು ಹೆಸರು ಹಾಕಿ ಬರೆಯಬೇಕು ಎನ್ನುವುದು ಯಾವ ನ್ಯಾಯ? ಮನೆಯಲ್ಲಿ ಹೊಡೆತ ತಿನ್ನುವವಳು, ಕುಡಿತ ಬಿಡಲು ಒದ್ದಾಡುತ್ತಿರುವವನು, ತಾನು ಬೇರೆಯವರ ಹಾಗಲ್ಲ ಎಂದು ಹದಿನೇಳರಲ್ಲಿ ಗೊತ್ತಾದವನು, ಇವರಿಗೆಲ್ಲ ಮೊದಲ ಸಲ ಬಾಯಿ ಬಿಡಲು ಹೆಸರಿಲ್ಲದ ಒಂದು ಜಾಗ ಬೇಕೇ ಬೇಕು. ರಾತ್ರಿ ಎರಡು ಗಂಟೆಗೆ "ಬದುಕು ಸಾಕಾಗಿದೆ" ಎಂದು ಹೆಸರಿಲ್ಲದೆ ಬರೆದ ಹುಡುಗನಿಗೆ ಯಾರೋ ಗೊತ್ತಿಲ್ಲದವರು ಬೆಳಗಿನವರೆಗೆ ಉತ್ತರ ಕೊಡುತ್ತಾ ಕೂತದ್ದನ್ನು ನಾನು ಓದಿದ್ದೇನೆ. ಯಾರೋ ಅಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಾಕಿದ್ದರು. ಹೆಸರು ಹಾಕಬೇಕಾಗಿದ್ದರೆ ಆ ಹುಡುಗ ಆ ಸಾಲು ಬರೆಯುತ್ತಲೇ ಇರಲಿಲ್ಲ.

ಹೆಸರು ಹೊರಗೆ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸತ್ಯೇಂದ್ರ ದುಬೆ ಅವರ ಕತೆ ನಿಮ್ಮ ಗೆಳೆಯನಿಗೆ ಹೇಳಿ. ಹೆದ್ದಾರಿ ಪ್ರಾಧಿಕಾರದಲ್ಲಿದ್ದ ಇಂಜಿನಿಯರ್, ಐಐಟಿ ಕಾನ್ಪುರದಲ್ಲಿ ಓದಿದವರು. ರಸ್ತೆ ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ 2002ರಲ್ಲಿ ನೇರ ಪ್ರಧಾನಿಯವರಿಗೇ ಪತ್ರ ಬರೆದರು, ನನ್ನ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡೇ ಬರೆದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅದಾದ ಮೇಲೆ 2004ರಲ್ಲಿ ಸರ್ಕಾರ ದೂರು ಕೊಡುವವರ ಹೆಸರು ಕಾಯಲು ಒಂದು ವ್ಯವಸ್ಥೆ ಮಾಡಿತು, 2014ರಲ್ಲಿ ಒಂದು ಕಾಯ್ದೆಯೂ ಪಾಸಾಯಿತು. ಆದರೆ ಆ ಕಾಯ್ದೆಯಲ್ಲೂ ದೂರುದಾರರ ಗುರುತಿಲ್ಲದ ದೂರನ್ನು ತೆಗೆದುಕೊಳ್ಳುವ ಹಾಗಿಲ್ಲ ಎಂದೇ ಬರೆದಿದ್ದಾರೆ. ದುಬೆ ಅವರಿಗೆ ಧೈರ್ಯ ಕಡಿಮೆ ಇತ್ತು ಎಂದು ಯಾರಾದರೂ ಹೇಳಲಿ ನೋಡೋಣ.

ಈಗ ಹಾನಿಯ ಕಡೆ ಬರುತ್ತೇನೆ, ಇಲ್ಲಿ ನನಗೆ ಸಿಟ್ಟಿದೆ.

ಬಿಕಾಂ ಓದುತ್ತಿದ್ದ ಹುಡುಗಿಯೊಬ್ಬಳು ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಏನೂ ಮಾತಾಡದೆ ಫೋನನ್ನು ನನ್ನ ಕೈಗೆ ಕೊಟ್ಟಳು. ಕಾಲೇಜಿನ ಹೆಸರಿಟ್ಟುಕೊಂಡ ಕನ್ಫೆಶನ್ ಪೇಜು, ಅಂದರೆ ಯಾರು ಬೇಕಾದರೂ ಹೆಸರು ಹೇಳದೆ ಬರೆದು ಕಳಿಸಿದ್ದನ್ನು ಹಾಕುವ ಪೇಜು, ಗುಲಾಬಿ ಬಣ್ಣದ ಚೌಕದಲ್ಲಿ ಬಿಳಿ ಅಕ್ಷರ. ಅವಳ ಹೆಸರು ಎಲ್ಲೂ ಇರಲಿಲ್ಲ. ಅವಳು ಬಸ್ಸು ಹತ್ತುವ ಸ್ಟಾಪು ಇತ್ತು, ಹಿಡಿದುಕೊಂಡು ಬರುವ ಹಳದಿ ಕೊಡೆ ಇತ್ತು, ಕ್ಲಾಸಿನಲ್ಲಿ ಎಷ್ಟನೇ ಬೆಂಚು ಎನ್ನುವುದಿತ್ತು. ಆಮೇಲೆ ನಾನು ಇಲ್ಲಿ ಬರೆಯಲಾರದ ಒಂದು ಸಾಲು. ಕೆಳಗೆ ಕಮೆಂಟಿನಲ್ಲಿ ಅವಳ ಅಕೌಂಟನ್ನು ಟ್ಯಾಗ್ ಮಾಡಿ ನಗುವ ಮುಖಗಳನ್ನು ಹಾಕಿದ್ದರು, ಹಾಗೆ ಹಾಕಿದವರಲ್ಲಿ ದಿನಾ ಅವಳ ಬುತ್ತಿಯಿಂದ ತಿನ್ನುವವರೂ ಇದ್ದರು. ಬರೆದವನಿಗೆ ಹೆಸರಿಲ್ಲ, ಬರೆಸಿಕೊಂಡವಳನ್ನು ಮಾತ್ರ ಇಡೀ ಕಾಲೇಜು ಗುರುತಿಸಿತು. ಈ ಪೇಜುಗಳಿಗೆ ಬರಹ ಬರುವುದು ಒಂದು ಫಾರ್ಮಿನ ಮೂಲಕ, ಹಾಗಾಗಿ ಎಷ್ಟೋ ಸಲ ಅಡ್ಮಿನ್‌ಗೂ ಯಾರು ಬರೆದದ್ದು ಗೊತ್ತಿರುವುದಿಲ್ಲ, ಗೊತ್ತಿಲ್ಲದಿದ್ದರೂ ಹಾಕುತ್ತಾನೆ. ರಿಪೋರ್ಟ್ ಮಾಡಿದೆವು, ಪೇಜು ಹೋಯಿತು, ಹೆಸರಲ್ಲಿ ಒಂದು ಅಕ್ಷರ ಬದಲಿಸಿಕೊಂಡು ಮತ್ತೆ ಬಂತು. ಅವಳು ಆ ಸ್ಟಾಪಿನಲ್ಲಿ ಬಸ್ಸು ಹತ್ತುವುದನ್ನೇ ಬಿಟ್ಟಳು.

ಇದಕ್ಕಿಂತ ಕೆಟ್ಟದ್ದು ಬೇರೆಯವರ ಹೆಸರು ಹಾಕಿಕೊಂಡು ಬರೆಯುವುದು. ನೀವು ಉಡುಪಿಯವರು, ಪೇಪರಿನಲ್ಲಿ ಓದಿರುತ್ತೀರಿ. ನಿಮ್ಮ ಜಿಲ್ಲೆಯವರೇ ಒಬ್ಬರು ಸೌದಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಹೆಸರು, ಫೋಟೋ ಹಾಕಿ ಯಾರೋ ಒಂದು ನಕಲಿ ಫೇಸ್‌ಬುಕ್ ಅಕೌಂಟ್ ತೆರೆದು ಅಲ್ಲಿನ ಯುವರಾಜನನ್ನೂ ಮೆಕ್ಕಾವನ್ನೂ ಅವಮಾನ ಮಾಡುವಂಥ ಪೋಸ್ಟ್ ಹಾಕಿದರು. 2019ರ ಡಿಸೆಂಬರಿನಲ್ಲಿ ಅವರನ್ನು ಅಲ್ಲಿ ಜೈಲಿಗೆ ಹಾಕಿದರು. ಊರಿನಲ್ಲಿ ಹೆಂಡತಿ ಪೊಲೀಸರಿಗೆ ದೂರು ಕೊಟ್ಟರು, ಉಡುಪಿ ಪೊಲೀಸರು ಬೆನ್ನು ಹತ್ತಿ ಹೋದಾಗ ಆ ಅಕೌಂಟ್ ತೆರೆದವರು ಸಿಕ್ಕಿದ್ದು ಸೌದಿಯಲ್ಲೂ ಅಲ್ಲ, ದೂರದ ಯಾವ ಊರಲ್ಲೂ ಅಲ್ಲ, ಮೂಡಬಿದಿರೆ ಕಡೆ. ಸೌದಿ ಜೈಲಿನಲ್ಲಿದ್ದವರು ಬಿಡುಗಡೆಯಾಗಿ ಮನೆ ಮುಟ್ಟುವಾಗ 2021ರ ಆಗಸ್ಟ್. ಅಷ್ಟು ಕಾಲ ಒಂದು ಮನೆ ಹೇಗೆ ನಡೆಯಿತು, ಹೆಂಡತಿ ಎಷ್ಟು ಕಚೇರಿಯ ಮೆಟ್ಟಿಲು ಹತ್ತಿರಬಹುದು, ಸ್ವಲ್ಪ ಯೋಚಿಸಿ. ಮಂಗಳೂರು ಕಡೆಯ ಇನ್ನೊಬ್ಬರಿಗೂ ಸೌದಿಯಲ್ಲಿ ಇದೇ ಥರ ಆಯಿತು. ಆ ಪ್ರಕರಣದಲ್ಲಿ 2023ರ ಜೂನ್‌ನಲ್ಲಿ ನಮ್ಮ ಹೈಕೋರ್ಟ್, ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಮುಚ್ಚಿಸುವ ಆದೇಶವನ್ನೇ ಕೊಡಬೇಕಾದೀತು ಎಂದು ಎಚ್ಚರಿಸಿತು. ಗಲ್ಫಿನಲ್ಲಿ ದುಡಿಯುವವರು ಮನೆಗೊಬ್ಬರಂತೆ ಇರುವ ನಮ್ಮ ಕರಾವಳಿಯಲ್ಲಿ ಇದು ತಮಾಷೆಯ ವಿಷಯ ಅಲ್ಲ.

ಹಾಗಂತ ಎಲ್ಲ ಕೇಡಿಗೂ ಹೆಸರಿಲ್ಲದವರೇ ಕಾರಣ ಎನ್ನುವುದು ಸುಳ್ಳು. ನಮ್ಮಲ್ಲಿ ಒಂದು ಕೊಲೆಯೋ ಗಲಾಟೆಯೋ ಆದ ದಿನ ವಾಟ್ಸಾಪ್ ನೋಡಿ ಮಾರಾಯ್ರೆ. ಬೆಂಕಿ ಹಚ್ಚುವ ಮೆಸೇಜನ್ನು ಫಾರ್ವರ್ಡ್ ಮಾಡುವವರಲ್ಲಿ ಎಷ್ಟು ಜನ ಸ್ವಂತ ನಂಬರಿನಿಂದ, ಮಗುವನ್ನು ಎತ್ತಿಕೊಂಡ ಡಿಪಿ ಇಟ್ಟುಕೊಂಡು, ಮನೆಯವರ ಗ್ರೂಪಿಗೇ ಹಾಕುತ್ತಾರೆ! ಅವರಿಗೆ ಹೆಸರು ಮುಚ್ಚಿಡುವ ಅಗತ್ಯವೇ ಕಾಣುವುದಿಲ್ಲ, ಯಾಕೆಂದರೆ ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ಗ್ರೂಪಿನಲ್ಲಿ "ಇದು ಹಳೇ ವಿಡಿಯೋ, ಬೇರೆ ರಾಜ್ಯದ್ದು" ಎಂದು ಹೇಳಲು ಹೊರಟವನಿಗೇ ಹೆಸರು ಹೊರೆಯಾಗುವುದು.

ಆಧಾರ್ ವಿಷಯ. ಇದನ್ನು ಒಂದು ದೇಶ ಮಾಡಿ ನೋಡಿಯಾಗಿದೆ. ದಕ್ಷಿಣ ಕೊರಿಯಾದಲ್ಲಿ 2007ರಿಂದ ದೊಡ್ಡ ಸೈಟುಗಳಲ್ಲಿ ಏನಾದರೂ ಬರೆಯಬೇಕಾದರೆ ನಿಜವಾದ ಗುರುತು ಕೊಡಲೇಬೇಕು ಎಂದು ಕಾನೂನು ಮಾಡಿದರು. 2011ರಲ್ಲಿ ಅಲ್ಲಿನ ಎರಡು ದೊಡ್ಡ ಸೈಟುಗಳಿಗೆ ಕನ್ನ ಬಿತ್ತು, ಸುಮಾರು 3.5 ಕೋಟಿ ಜನರ ಮಾಹಿತಿ ಕಳವಾಯಿತು. 2012ರ ಆಗಸ್ಟಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ಹೊಡೆದುಹಾಕಿತು. ಅದರಿಂದ ಕೆಟ್ಟ ಬರಹ ಹೇಳುವಷ್ಟು ಕಡಿಮೆಯಾಗಿಲ್ಲ, ಜನ ಹೊರದೇಶದ ಸೈಟುಗಳಿಗೆ ಹೋದರು ಅಷ್ಟೇ, ಎಂದಿತು. ನಾಳೆ ಇಲ್ಲಿ ಆಧಾರ್ ಜೋಡಿಸಿದರೆ ನಮ್ಮ ಕಾಲೇಜಿನ ಆ ಹುಡುಗಿಯ ಆಧಾರ್ ಕೂಡ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಕಳವಾದರೆ ಅವಳ ಮನೆ ವಿಳಾಸವೂ ಸಿಗುತ್ತದೆ. ಕಾಟ ಕೊಡುವವನು ಬೇರೆಯವರ ಸಿಮ್ ಹಾಕಿಕೊಂಡು ಆರಾಮಾಗಿರುತ್ತಾನೆ.

ಹೆಸರು ಹಾಕದಿದ್ದರೆ ಯಾರಿಗೂ ಸಿಗುವುದಿಲ್ಲ ಎನ್ನುವುದೂ ತಪ್ಪು ತಿಳುವಳಿಕೆ. ನಾವು ಲಾಗಿನ್ ಆದ ಐಪಿ ಅಡ್ರೆಸ್ (ಇಂಟರ್ನೆಟ್ ಕನೆಕ್ಷನ್ನಿನ ಗುರುತಿನ ಸಂಖ್ಯೆ), ಸಮಯ, ಕೊಟ್ಟ ಮೊಬೈಲ್ ನಂಬರ್ ಎಲ್ಲ ಕಂಪನಿಯ ಬಳಿ ಇರುತ್ತವೆ, ಆ ಐಪಿ ಯಾರ ಕನೆಕ್ಷನ್ನಿನದು ಎಂದು ಇಂಟರ್ನೆಟ್ ಕೊಡುವವರು ಹೇಳಬಲ್ಲರು. ಮೂಡಬಿದಿರೆಯವರೂ ಸಿಕ್ಕಿಬಿದ್ದರಲ್ಲ. ಕಾನೂನಿಗೂ ಬರವಿಲ್ಲ. ಐಟಿ ಕಾಯ್ದೆಯ 66ಸಿ, 66ಡಿ ಪ್ರಕಾರ ಬೇರೆಯವರ ಗುರುತು ಕದ್ದರೆ, ಬೇರೆಯವರಂತೆ ನಟಿಸಿ ಮೋಸ ಮಾಡಿದರೆ 3 ವರ್ಷದವರೆಗೆ ಜೈಲು. ಹೆಸರು ಮುಚ್ಚಿಟ್ಟು ಬೆದರಿಸಿದರೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ 2 ವರ್ಷದವರೆಗೆ, ಇದು ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ನಿನಲ್ಲಿದೆ. ನಮಗೆ ಕಡಿಮೆ ಇರುವುದು ದೂರು ಕೊಟ್ಟವರ ಕೇಸನ್ನು ಬೇಗ ಹಿಡಿದು ಮುಗಿಸುವ ಪೊಲೀಸ್ ಸಿಬ್ಬಂದಿ, ಕೇಳಿದ ಮಾಹಿತಿಯನ್ನು ತಿಂಗಳುಗಟ್ಟಲೆ ಎಳೆಯದೆ ಕೊಡುವ ಕಂಪನಿಗಳು. ಒತ್ತಾಯ ಮಾಡುವುದಿದ್ದರೆ ಅದಕ್ಕೆ ಮಾಡೋಣ.

ನಿಮ್ಮ ಅಕೌಂಟಿನ ಬಗ್ಗೆ ಕೆಲವು ಮಾತು. ಹೊಸ ಇಮೇಲ್ ಮಾಡಿಕೊಳ್ಳಿ, ಈಗಿರುವ ಯೂಸರ್‌ನೇಮ್ ಅಲ್ಲಿ ಬಳಸಬೇಡಿ. ಕಾಂಟ್ಯಾಕ್ಟ್ ಓದಲು ಆ್ಯಪ್‌ಗೆ ಅನುಮತಿ ಕೊಟ್ಟರೆ ನಿಮ್ಮ ಅಕೌಂಟನ್ನು ನಿಮ್ಮ ಅತ್ತಿಗೆಗೇ "ಇವರು ಗೊತ್ತಾ" ಎಂದು ತೋರಿಸಬಹುದು, ಅದನ್ನು ಬಂದ್ ಮಾಡಿ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಎಷ್ಟೋ ಸಲ ಜಾಗದ ಮಾಹಿತಿ ಕೂತಿರುತ್ತದೆ, ಇನ್ನೊಬ್ಬರಿಗೆ ಕಳಿಸುವ ಮೊದಲು ತೆಗೆಯಿರಿ. ಇಷ್ಟೆಲ್ಲ ಮಾಡಿದರೂ ನಮ್ಮವರು ನಿಮ್ಮನ್ನು ಹಿಡಿಯುವುದು ಟೆಕ್ನಾಲಜಿಯಿಂದ ಅಲ್ಲ. ಆಫೀಸಿನಲ್ಲಿ ಮೂವರಿಗೆ ಮಾತ್ರ ಗೊತ್ತಿದ್ದ ವಿಷಯ ಬರೆದಿರಿ ಎಂದಾದರೆ ಉಳಿದ ಇಬ್ಬರು ಸಂಜೆಯೊಳಗೆ ಕಂಡುಹಿಡಿಯುತ್ತಾರೆ. ಮತ್ತೆ, ದಯವಿಟ್ಟು, ರಸ್ತೆ, ನದಿ, ಆಫೀಸು, ಅಧಿಕಾರದಲ್ಲಿರುವವರು ಮಾಡಿದ ಕೆಲಸ, ಇವುಗಳ ಬಗ್ಗೆ ಬರೆಯಿರಿ. ಒಬ್ಬ ಸಾಮಾನ್ಯ ಮನುಷ್ಯನನ್ನು ಗುರುತು ಹಿಡಿಯುವ ಹಾಗೆ ಯಾರಾದರೂ ನಿಮಗೆ ಏನಾದರೂ ಕಳಿಸಿದರೆ, ಅದು ನಿಜವೇ ಆಗಿದ್ದರೂ ಹಾಕಬೇಡಿ.

ನಿಮ್ಮ ಹೆಸರಲ್ಲೇ ಯಾರಾದರೂ ಫೇಕ್ ಅಕೌಂಟ್ ತೆರೆದರೆ, ಆ ಆ್ಯಪ್‌ನಲ್ಲೇ ಮೊದಲು ರಿಪೋರ್ಟ್ ಮಾಡಿ. 2021ರ ಐಟಿ ನಿಯಮಗಳಲ್ಲೇ ಇಂಥ ದೂರು ಬಂದ ಕೆಲವೇ ಗಂಟೆಗಳೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕು ಎಂದಿದೆ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ, ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಹೆಂಗಸರು, ಮಕ್ಕಳ ಲೈಂಗಿಕ ಚಿತ್ರಗಳಂಥ ವಿಷಯವಾದರೆ ಆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ರಿಪೋರ್ಟ್ ಒತ್ತುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಪ್ರೊಫೈಲಿನ ಪೂರ್ತಿ ಲಿಂಕ್ ಕಾಪಿ ಮಾಡಿ ಬೇರೆ ಕಡೆ ಬರೆದಿಡಿ, ದಿನ ಸಮಯವೂ ಇರಲಿ. ಅಕೌಂಟ್ ಮಾಯವಾದ ಮೇಲೆ ಬರೀ ಹೆಸರು ಹೇಳಿಕೊಂಡು ಠಾಣೆಗೆ ಹೋದರೆ ಅವರಿಗೂ ಹುಡುಕುವುದು ಕಷ್ಟ.